ಬೀದಿಯ ಕಣ್ಣು ನಾವೇ: ಪೊಲೀಸರ ನೆರವಿನಿಂದ ನೆರೆಹೊರೆ ಗುಂಪು ಕಟ್ಟುವುದು ಹೇಗೆ



ಭಾನುವಾರ ಅಂದ್ರೆ ನಮ್ಮಲ್ಲಿ ಅರ್ಧ ಜನಕ್ಕೆ ರಜೆ, ಇನ್ನರ್ಧ ಜನಕ್ಕೆ ಶಿಫ್ಟ್. ರಾತ್ರಿ ಪಾಳಿ ಮುಗಿಸಿ ನಿದ್ದೆ ಬಿಟ್ಟು ಬಂದವರೂ ಇಲ್ಲಿದ್ದೀರಿ. ಹಾಗಾಗಿ ಉದ್ದ ಎಳೆಯದೆ ನೇರ ವಿಷಯಕ್ಕೆ ಬರ್ತೀನಿ. ನಾನು ಪೊಲೀಸ್ ಅಲ್ಲ, ವಕೀಲನೂ ಅಲ್ಲ. ಬಿ.ಕಾಂ ಓದಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಮಾಡೋನು. ಮೌಂಟ್ ಆಲ್ಬರ್ಟ್‌ನ ನಮ್ಮ ಬೀದಿಯಲ್ಲಿ ಒಂಬತ್ತು ಮನೆಯವರು ಸೇರಿ ಒಂದು ನೆರೆಹೊರೆ ಗುಂಪು ಮಾಡಿಕೊಂಡಿದ್ದೇವೆ. ಅದರ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಲೆಕ್ಕದವನಿಗೆ ಪಟ್ಟಿ ಬಿಟ್ಟು ಇನ್ನೇನು ಕೊಡ್ತಾರೆ ಹೇಳಿ. ಆ ಅನುಭವದಿಂದ, ನೀವು ನಿಮ್ಮ ಬೀದಿಯಲ್ಲಿ ಇಂಥದ್ದೇ ಒಂದು ಗುಂಪು ಹೇಗೆ ಶುರು ಮಾಡಬಹುದು ಅನ್ನೋದನ್ನ ಹೇಳ್ತೀನಿ.

ನಮಗೆ ಇದು ಯಾಕೆ ಬೇಕು?

ಊರಲ್ಲಿ ನಮಗೆ ಇದರ ಅಗತ್ಯವೇ ಕಾಣಿಸ್ತಿರಲಿಲ್ಲ. ವಠಾರದಲ್ಲಿ ಬೆಳೆದವರಿಗೆ ಗೊತ್ತು, ಹೊಸಬರು ಯಾರಾದರೂ ಗೇಟು ದಾಟಿ ಒಳಗೆ ಬಂದ್ರೆ ನಲ್ಲಿ ಹತ್ತಿರ ನಿಂತ ಅಜ್ಜಿ "ಯಾರ ಮನೆಗೆ ಬಂದ್ರಿ?" ಅಂತ ಕೇಳದೆ ಬಿಡ್ತಿರಲಿಲ್ಲ. ಹಳ್ಳಿಯಲ್ಲಿ ಅರಳಿಕಟ್ಟೆ ಇತ್ತು. ಕಟ್ಟೆ ಮೇಲೆ ಕೂತವರ ಕಣ್ಣು ತಪ್ಪಿಸಿ ಊರೊಳಗೆ ಹೋಗೋದು ಕಷ್ಟವಿತ್ತು. ಇನ್ನೂ ಹಿಂದೆ ಊರಿಗೊಬ್ಬ ತಳವಾರ ಇದ್ದ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಇರ್ತಾನೆ, ರಿಜಿಸ್ಟರ್ ಇರುತ್ತೆ.

ಇಲ್ಲಿ ಅದೊಂದೂ ಇಲ್ಲ. ಬೇಲಿ ಇದೆ, ಹುಲ್ಲುಹಾಸು ಇದೆ, ಕಾರು ನೇರ ಗ್ಯಾರೇಜಿಗೆ ಹೋಗುತ್ತೆ. ಎರಡು ವರ್ಷ ಒಂದೇ ಬೀದಿಯಲ್ಲಿದ್ದರೂ ಪಕ್ಕದ ಮನೆಯವರ ಹೆಸರು ಗೊತ್ತಿರಲ್ಲ. ಜೂನ್ ತಿಂಗಳಲ್ಲಿ ಸಂಜೆ ಐದೂಕಾಲಿಗೆಲ್ಲ ಕತ್ತಲು. ಮೌಂಟ್ ಆಲ್ಬರ್ಟ್ ಅಥವಾ ಬಾಲ್ಡ್‌ವಿನ್ ಅವೆನ್ಯೂ ಸ್ಟೇಷನ್ನಿನಲ್ಲಿ ಟ್ರೇನು ಇಳಿದು ನಡೆದು ಬರುವಾಗ ಬೀದಿಯಲ್ಲಿ ನಾವೊಬ್ಬರೇ.

ಇದರ ಜೊತೆಗೆ ನಮ್ಮದೇ ಆದ ಕೆಲವು ಕಾರಣಗಳಿವೆ. ಭಾರತೀಯರ ಮನೆಯಲ್ಲಿ ಬಂಗಾರ ಇರುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಕಳ್ಳರಿಗೂ ಗೊತ್ತು. ದೀಪಾವಳಿಗೆ, ಮದುವೆಗೆ ಅಂತ ಬೀರುವಿನಿಂದ ಒಡವೆ ಹೊರಗೆ ಬರುತ್ತೆ. ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕ್ತೀವಿ. ಊರಿಗೆ ಹೊರಟಾಗ ಏರ್‌ಪೋರ್ಟಿನಿಂದಲೇ ಇನ್ನೊಂದು ಫೋಟೋ ಹಾಕ್ತೀವಿ. ಅಂದ್ರೆ ಆರು ವಾರ ಮನೆ ಖಾಲಿ ಅಂತ ನಾವೇ ಡಂಗುರ ಹೊಡೆದ ಹಾಗಾಯ್ತು. ಇನ್ನು ಏನಾದರೂ ಆದಾಗ, "ನಮ್ಮ ಇಂಗ್ಲಿಷು ಸರಿ ಇಲ್ಲ, ಪೊಲೀಸರ ಸಹವಾಸ ಬೇಡ, ವೀಸಾಕ್ಕೆ ತೊಂದರೆ ಆದೀತು" ಅಂತ ಸುಮ್ಮನಾಗ್ತೀವಿ. ಈ ಸುಮ್ಮನಿರುವಿಕೆಯೇ ನಮ್ಮ ದೊಡ್ಡ ನಷ್ಟ.

ಒಂದು ಘಟನೆ ನಿಮಗೆಲ್ಲ ನೆನಪಿರಬಹುದು. 2022ರ ನವೆಂಬರ್ 23ರ ಸಂಜೆ, ನಮ್ಮ ಪಕ್ಕದ ಸ್ಯಾಂಡ್ರಿಂಗ್‌ಹ್ಯಾಮಿನ ಒಂದು ಡೇರಿಗೆ ಚೂರಿ ಹಿಡಿದವನೊಬ್ಬ ನುಗ್ಗಿದ. ಹೊಸದಾಗಿ ಬಂದವರಿಗೆ ಹೇಳ್ತೀನಿ, ಇಲ್ಲಿ ಡೇರಿ ಅಂದ್ರೆ ನಮ್ಮ ಮೂಲೆ ಅಂಗಡಿ. ಮಾಲೀಕರು ಊರಲ್ಲಿರಲಿಲ್ಲ. ಅವರ ಪರವಾಗಿ ಅಂಗಡಿ ನೋಡಿಕೊಳ್ಳುತ್ತಿದ್ದವರು ನಮ್ಮ ಹಾಗೇ ಭಾರತದಿಂದ ಬಂದ ಯುವಕರು. ದುಡ್ಡಿನ ಡ್ರಾಯರ್ ಕಿತ್ತುಕೊಂಡು ಹೋದವನ ಹಿಂದೆ ಅವರು ಹೋದರು. ಸ್ವಲ್ಪ ದೂರದಲ್ಲೇ ಇರಿತಕ್ಕೆ ಒಳಗಾಗಿ ತೀರಿಕೊಂಡರು. ದೇಶಾದ್ಯಂತ ಡೇರಿಯವರು ಬೀದಿಗಿಳಿದರು. ಅದಾದ ಕೆಲವೇ ದಿನಗಳಲ್ಲಿ ಸರ್ಕಾರ, ಸಣ್ಣ ಅಂಗಡಿಗಳು ದಟ್ಟ ಹೊಗೆ ಬಿಡುವ ಫಾಗ್ ಕ್ಯಾನನ್ ಯಂತ್ರ ಹಾಕಿಸಿಕೊಳ್ಳಲು 4,000 ಡಾಲರ್ ಸಹಾಯಧನ ಘೋಷಿಸಿತು.

ಲೆಕ್ಕದ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಕಡೆ ಒಂದು ಡ್ರಾಯರಿನ ಚಿಲ್ಲರೆ, ಇನ್ನೊಂದು ಕಡೆ ಒಂದು ಜೀವ. ಈ ಎರಡನ್ನು ಒಂದೇ ತಕ್ಕಡಿಗೆ ಹಾಕೋಕೆ ಆಗಲ್ಲ. ನಾನು ಈವತ್ತು ಹೇಳುವ ಎಲ್ಲ ಮಾತಿನ ಹಿಂದೆ ಈ ಒಂದು ಮಾತು ಇದೆ: ವಸ್ತು ಹೋದರೆ ಹೋಗಲಿ, ಯಾರೂ ಯಾರ ಹಿಂದೆಯೂ ಓಡಬಾರದು. ನೋಡೋದು ನಮ್ಮ ಕೆಲಸ, ಹಿಡಿಯೋದು ಪೊಲೀಸರ ಕೆಲಸ.

ಇದು ಏನು, ಏನಲ್ಲ

ಇಂಥ ಗುಂಪುಗಳು ಹೊಸದೇನಲ್ಲ. ಅಮೆರಿಕದಲ್ಲಿ 1972ರಿಂದ ರಾಷ್ಟ್ರಮಟ್ಟದ ಕಾರ್ಯಕ್ರಮವಾಗಿ ನಡೀತಿದೆ. ಬ್ರಿಟನ್ನಿನಲ್ಲಿ 1982ರಲ್ಲಿ ಚೆಷೈರಿನ ಮಾಲಿಂಗ್‌ಟನ್ ಅನ್ನೋ ಹಳ್ಳಿಯಲ್ಲಿ ಮೊದಲು ಶುರುವಾಯ್ತು. ನ್ಯೂಜಿಲೆಂಡಿನಲ್ಲಿ ಇದಕ್ಕೆ ನೇಬರ್‌ಹುಡ್ ಸಪೋರ್ಟ್ ಅಂತ ಹೆಸರು. ಹೆಸರಲ್ಲೇ ವ್ಯತ್ಯಾಸ ನೋಡಿ. 'ವಾಚ್' ಅಂದ್ರೆ ಕಾಯೋದು, 'ಸಪೋರ್ಟ್' ಅಂದ್ರೆ ಆಸರೆ. ಇದು ಪೊಲೀಸ್ ಇಲಾಖೆಯ ಶಾಖೆ ಅಲ್ಲ, ಪೊಲೀಸರ ಜೊತೆ ಸೇರಿ ಕೆಲಸ ಮಾಡುವ ಜನರ ಸಂಸ್ಥೆ. ಬೀದಿ ಬೀದಿಗೆ ಸಣ್ಣ ಗುಂಪುಗಳು, ಪ್ರತಿ ಗುಂಪಿಗೆ ಒಬ್ಬ ಸಂಪರ್ಕ ವ್ಯಕ್ತಿ, ಪ್ರದೇಶಕ್ಕೊಬ್ಬ ಸಂಯೋಜಕರು.

ಇದರಿಂದ ಉಪಯೋಗ ಉಂಟಾ ಅಂತ ಕೇಳ್ತೀರಿ. 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ಪರಿಶೀಲನೆ ಪ್ರಕಟವಾಯ್ತು. ಗುಂಪು ಇರುವ ಕಡೆ ಅಪರಾಧ ಸರಾಸರಿ ಶೇಕಡ 16ರಿಂದ 26ರಷ್ಟು ಕಡಿಮೆಯಾಗಿತ್ತು ಅಂತ ಅದರಲ್ಲಿ ಕಂಡುಬಂತು. ಎಲ್ಲ ಕಡೆಯೂ ಒಂದೇ ಫಲ ಸಿಕ್ಕಿಲ್ಲ. ಬೋರ್ಡು ಹಾಕಿ ಮರೆತುಬಿಟ್ಟರೆ ಬೋರ್ಡಿಗೆ ತುಕ್ಕು ಹಿಡಿಯುತ್ತೆ ಅಷ್ಟೇ. ಖರ್ಚು ಹೆಚ್ಚುಕಡಿಮೆ ಸೊನ್ನೆ ಇರುವಾಗ ಅಷ್ಟು ಲಾಭ ಸಾಧ್ಯ ಅಂದ್ರೆ ಯಾವ ಲೆಕ್ಕಿಗನೂ ಬೇಡ ಅನ್ನಲ್ಲ.

ಆದ್ರೆ ಇದು ಏನಲ್ಲ ಅನ್ನೋದು ಅಷ್ಟೇ ಮುಖ್ಯ. 2012ರ ಫೆಬ್ರುವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನೆರೆಹೊರೆ ಕಾವಲಿನ ಸ್ವಯಂಸೇವಕನೊಬ್ಬ, ಬೀದಿಯಲ್ಲಿ ಹೋಗುತ್ತಿದ್ದ ಹದಿನೇಳು ವರ್ಷದ ಕಪ್ಪು ಹುಡುಗನನ್ನು ಅನುಮಾನಿಸಿ ಹಿಂಬಾಲಿಸಿದ. ಹಿಂದೆ ಹೋಗುವುದು ಬೇಡ ಅಂತ ಫೋನಿನಲ್ಲಿದ್ದ ಪೊಲೀಸ್ ಸಿಬ್ಬಂದಿ ಸೂಚಿಸಿದ್ದರು. ಕೊನೆಗೆ ಆ ಹುಡುಗ ಗುಂಡೇಟಿಗೆ ಸತ್ತ. ಅವನ ಕೈಯಲ್ಲಿ ಯಾವ ಆಯುಧವೂ ಇರಲಿಲ್ಲ. ಕಾವಲು ಅನ್ನೋದು ಅನುಮಾನದ ರೋಗವಾದರೆ ಹೀಗಾಗುತ್ತೆ.

ನಮಗೆ ಇದು ಬೇಗ ಅರ್ಥ ಆಗಬೇಕು. ಯಾಕಂದ್ರೆ ಬೇರೆಯವರ ಕಣ್ಣಿಗೆ ಅನುಮಾನಾಸ್ಪದವಾಗಿ ಕಾಣುವವರು ಹಲವು ಸಲ ನಾವೇ. ರಾತ್ರಿ ಹನ್ನೊಂದಕ್ಕೆ ಊಟದ ಡೆಲಿವರಿ ಮಾಡೋ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಮನೆ ನಂಬರ್ ಹುಡುಕ್ತಾನೆ. ಊಬರ್ ಓಡಿಸುವವರು ಕಾರಿನಲ್ಲೇ ಕೂತು ಮುಂದಿನ ಬುಕಿಂಗಿಗೆ ಕಾಯ್ತಾರೆ. ಹಾಗೇ ನಾವು ಮಾವೊರಿ ಹುಡುಗನನ್ನೋ ಪೆಸಿಫಿಕ್ ದ್ವೀಪದ ಹುಡುಗನನ್ನೋ ಬಣ್ಣ ನೋಡಿ, ಹೂಡಿ ನೋಡಿ ಅನುಮಾನಿಸಿದರೆ ಅದು ತಪ್ಪು. ವ್ಯಕ್ತಿಯನ್ನಲ್ಲ, ವರ್ತನೆಯನ್ನ ನೋಡಬೇಕು. ಒಂದಾದ ಮೇಲೊಂದು ಕಾರಿನ ಬಾಗಿಲು ಎಳೆದು ನೋಡೋದು, ಬೇಲಿ ಹಾರಿ ಹಿತ್ತಲಿಗೆ ಹೋಗೋದು, ಕಿಟಕಿ ಮುರಿಯೋದು, ಇವೆಲ್ಲ ವರ್ತನೆ. ಬಣ್ಣ, ಬಟ್ಟೆ, ಭಾಷೆ ವರ್ತನೆ ಅಲ್ಲ.

ನಮ್ಮ ಹತ್ತಿರ ಇರುವ ಬಂಡವಾಳ

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತು. ನೆರೆಹೊರೆ ಗುಂಪು ಅಂದ್ರೆ ಸ್ವಂತ ಮನೆ ಇರೋ ಹಳೇ ಕಿವಿಗಳ ಕೆಲಸ, ನಾವು ಬಾಡಿಗೆಯವರು, ವೀಸಾದಲ್ಲಿ ಇರೋರು, ನಮಗ್ಯಾಕೆ ಅಂತ ನಮ್ಮಲ್ಲಿ ಅನ್ನಿಸುತ್ತೆ. ನನ್ನ ಲೆಕ್ಕ ಬೇರೆ. ಬೀದಿ ಕಾಯೋಕೆ ಬೇಕಾಗಿರೋದು ಎರಡು: ಎಚ್ಚರವಿರುವ ಕಣ್ಣು, ಮನೆಯಲ್ಲಿರುವ ಜನ. ಈ ಎರಡೂ ನಮ್ಮ ಹತ್ತಿರ ಎಲ್ಲರಿಗಿಂತ ಜಾಸ್ತಿ ಇದೆ.

ನಮ್ಮ ಗುಂಪಿನಲ್ಲಿ ನಾವು ಮೊದಲು ಬರೆದದ್ದು ಒಂದು ಶಿಫ್ಟ್ ಪಟ್ಟಿ. ಕೇರ್‌ಹೋಮಿನಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ಏಳೂವರೆಗೆ ಮನೆಗೆ ಬರ್ತಾರೆ. ಬೇಕರಿಯವರು ಮೂರು ಗಂಟೆಗೆ ಹೊರಡ್ತಾರೆ. ಕ್ಲೀನಿಂಗ್ ಕೆಲಸದವರು ಸಂಜೆ ಹೊರಟು ಮಧ್ಯರಾತ್ರಿ ವಾಪಸ್. ಒಬ್ಬರ ಮನೆಯಲ್ಲಿ ಊರಿಂದ ಬಂದ ಅಪ್ಪ ಅಮ್ಮ ಹಗಲೆಲ್ಲ ಇರ್ತಾರೆ. ಎದುರು ಮನೆಯ ಕಿವಿ ಅಜ್ಜ ನಿವೃತ್ತರು, ಬೆಳಗ್ಗೆ ಹತ್ತಕ್ಕೆ ನಾಯಿ ಕರೆದುಕೊಂಡು ತಿರುಗ್ತಾರೆ. ಇದನ್ನೆಲ್ಲ ಒಂದು ಹಾಳೆ ಮೇಲೆ ಇಟ್ಟಾಗ, ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಬೀದಿ ಪೂರ್ತಿ ಮಲಗಿರುವ ಹೊತ್ತು ತೀರಾ ಕಮ್ಮಿ ಅಂತ ಗೊತ್ತಾಯ್ತು. ಯಾರೂ ಹೆಚ್ಚಿಗೆ ಗಸ್ತು ತಿರುಗಬೇಕಾಗಿಲ್ಲ. ಹೇಗೂ ಎಚ್ಚರ ಇರ್ತೀವಿ, ಹೋಗ್ತಾ ಬರ್ತಾ ಕಣ್ಣು ತೆರೆದಿಟ್ಟರೆ ಸಾಕು. ಶಿಫ್ಟ್ ಕೆಲಸ ನಮ್ಮ ಕಷ್ಟ ಅಂತಲೇ ತಿಳಿದಿದ್ದೆವು, ಬೀದಿಯ ಲೆಕ್ಕದಲ್ಲಿ ಅದು ಜಮಾ ಪಟ್ಟಿಗೆ ಬಂತು.

ಶುರು ಮಾಡುವ ಕ್ರಮ

ಒಂದು, ಪಕ್ಕದ ಎರಡು ಮೂರು ಮನೆಯವರ ಜೊತೆ ಮಾತಾಡಿ. ಬಾಗಿಲು ತಟ್ಟೋಕೆ ಮುಜುಗರ ಆದ್ರೆ ಒಂದು ಚೀಟಿ ಬರೆದು ಅಂಚೆಪೆಟ್ಟಿಗೆಗೆ ಹಾಕಿ. "ನಾನು ಇಂಥ ನಂಬರಿನ ಮನೆಯವನು, ನಮ್ಮ ಬೀದಿಗೊಂದು ನೆರೆಹೊರೆ ಗುಂಪು ಮಾಡೋಣ ಅಂತಿದ್ದೇವೆ, ಭಾನುವಾರ ಟೀಗೆ ಬನ್ನಿ" ಅಂತ ಎರಡು ಸಾಲು ಸಾಕು. ಕನ್ನಡದವರನ್ನೇ ಹುಡುಕಿ ಗುಂಪು ಕಟ್ಟಬೇಡಿ. ಕನ್ನಡದವರ ಗುಂಪು ಬೇಕಾದ್ರೆ ಕನ್ನಡ ಕೂಟ ಇದೆ. ಬೀದಿ ಗುಂಪಿನಲ್ಲಿ ಬೀದಿಯವರೆಲ್ಲ ಇರಬೇಕು, ಚೀನಾದವರು, ಸಮೋವಾದವರು, ಕಿವಿಗಳು, ಎಲ್ಲರೂ.

ಎರಡು, ಪೊಲೀಸರಿಗೆ ಮತ್ತು ನೇಬರ್‌ಹುಡ್ ಸಪೋರ್ಟ್ ಸಂಸ್ಥೆಗೆ ತಿಳಿಸಿ. ನೇಬರ್‌ಹುಡ್ ಸಪೋರ್ಟಿನ ವೆಬ್‌ಸೈಟಿನಲ್ಲಿ ನಿಮ್ಮ ವಿಳಾಸ ಕೊಟ್ಟು ಹೆಸರು ನೋಂದಾಯಿಸಬಹುದು. ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಸಮುದಾಯದ ಕೆಲಸ ನೋಡಿಕೊಳ್ಳುವ ಅಧಿಕಾರಿ ಯಾರು ಅಂತಲೂ ಕೇಳಬಹುದು. ನ್ಯೂಜಿಲೆಂಡ್ ಪೊಲೀಸಿನಲ್ಲಿ ವಲಸೆ ಸಮುದಾಯಗಳ ಜೊತೆ ಮಾತಾಡೋಕೇ ಅಂತ ಎತ್ನಿಕ್ ಲಿಯಾಸನ್ ಅಧಿಕಾರಿಗಳಿದ್ದಾರೆ, ಅವರನ್ನು ಕೇಳಿ. ಠಾಣೆ ಅಂದ ಕೂಡಲೇ ಎದೆ ಡವಡವ ಅನ್ನೋದು ಬೇಡ. ಇಲ್ಲಿನ ಪೊಲೀಸರು ದಿನನಿತ್ಯದ ಕೆಲಸದಲ್ಲಿ ಸೊಂಟದಲ್ಲಿ ಪಿಸ್ತೂಲು ಸಹ ಇಟ್ಟುಕೊಳ್ಳಲ್ಲ. ಕೌಂಟರಿನಲ್ಲಿ ನಿಂತು "ನಮ್ಮ ಬೀದಿಯಲ್ಲಿ ಗುಂಪು ಮಾಡ್ತಿದ್ದೇವೆ, ಮೊದಲ ಸಭೆಗೆ ಯಾರಾದರೂ ಬರಬಹುದಾ" ಅಂತ ಕೇಳೋದು ದೂರು ಕೊಟ್ಟ ಹಾಗಲ್ಲ.

ಮೂರು, ಮೊದಲ ಸಭೆ. ಒಂದು ಗಂಟೆ ಸಾಕು. ಅದರಲ್ಲಿ ಮೂರೇ ಕೆಲಸ. ಎಲ್ಲರೂ ಹೆಸರು ಹೇಳಿಕೊಳ್ಳೋದು, ಸಂಪರ್ಕ ವ್ಯಕ್ತಿಯನ್ನು ಮತ್ತು ಅವರಿಲ್ಲದಾಗ ನೋಡಿಕೊಳ್ಳೋಕೆ ಇನ್ನೊಬ್ಬರನ್ನು ಆರಿಸೋದು, ಪಟ್ಟಿ ಬರೆಯೋದು. ಪಟ್ಟಿಯಲ್ಲಿ ಮನೆ ನಂಬರ್, ಹೆಸರು, ಫೋನ್, ಕಾರಿನ ನಂಬರ್, ವಯಸ್ಸಾದವರು ಅಥವಾ ಮಕ್ಕಳು ಇದ್ದಾರಾ, ಯಾವ ಹೊತ್ತು ಸಾಮಾನ್ಯವಾಗಿ ಮನೆಯಲ್ಲಿರ್ತೀರಿ, ಇಷ್ಟು. ಇಷ್ಟವಿಲ್ಲದ ವಿವರ ಯಾರೂ ಕೊಡಬೇಕಾಗಿಲ್ಲ. ಈ ಪಟ್ಟಿ ಗುಂಪಿನವರ ಹೊರಗೆ ಹೋಗಬಾರದು. ಯಾರು ಯಾವಾಗ ಮನೆಯಲ್ಲಿ ಇರಲ್ಲ ಅನ್ನೋ ಹಾಳೆ ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಬೇರೆ ಕೆಲಸವೇ ಬೇಡ.

ನಾಲ್ಕು, ವಾಟ್ಸ್‌ಆ್ಯಪ್ ಗುಂಪು. ಇದಕ್ಕೆ ಮೊದಲ ದಿನವೇ ನಿಯಮ ಹಾಕಿ. ಗುಡ್ ಮಾರ್ನಿಂಗ್ ಇಲ್ಲ, ಫಾರ್ವರ್ಡ್ ಇಲ್ಲ, ರಾಜಕೀಯ ಇಲ್ಲ. ಯಾರದೋ ಫೋಟೋ ಹಾಕಿ "ಇವನೇ ಕಳ್ಳ" ಅಂತ ಬರೆಯೋದು ಇಲ್ಲವೇ ಇಲ್ಲ. ಫೋಟೋ, ವಿಡಿಯೋ ಇದ್ದರೆ ಪೊಲೀಸರಿಗೆ ಕೊಡಿ. ತುರ್ತು ಇದ್ದಾಗ ಮೊದಲು 111, ಆಮೇಲೆ ವಾಟ್ಸ್‌ಆ್ಯಪ್. ಈ ಕ್ರಮ ತಿರುವುಮುರುವು ಆಗಬಾರದು.

ಐದು, ದುಡ್ಡು. ಚಂದಾ ಎತ್ತಬೇಡಿ, ಅಗತ್ಯವೇ ಇಲ್ಲ. ವರ್ಷಕ್ಕೊಮ್ಮೆ ಬಾರ್ಬೆಕ್ಯೂ ಮಾಡ್ತೀವಿ ಅಂದ್ರೆ ಎಲ್ಲರೂ ಒಂದೊಂದು ತಿಂಡಿ ತರಲಿ. ಯಾವಾಗಲಾದರೂ ದುಡ್ಡು ಸೇರಿಸಲೇಬೇಕಾದ್ರೆ ಇಬ್ಬರ ಕೈಯಲ್ಲಿರಲಿ, ರಸೀದಿ ಇರಲಿ, ಲೆಕ್ಕ ಎಲ್ಲರಿಗೂ ಕಾಣಲಿ. ಐದು ಡಾಲರಿನ ಲೆಕ್ಕ ಸರಿ ಇಲ್ಲದೆ ಮುರಿದುಬಿದ್ದ ಸಂಘಗಳನ್ನ ಊರಲ್ಲೂ ನೋಡಿದ್ದೇವೆ.

ಬೀದಿಯಲ್ಲಿ ಗಸ್ತು ತಿರುಗುವ ಆಸೆ ಇರುವವರಿಗೆ ಬೇರೆ ದಾರಿ ಇದೆ. ಕಮ್ಯುನಿಟಿ ಪೆಟ್ರೋಲ್ಸ್ ಆಫ್ ನ್ಯೂಜಿಲೆಂಡ್ ಅನ್ನೋ ಸ್ವಯಂಸೇವಕರ ಸಂಸ್ಥೆ ಇದೆ. ಪೊಲೀಸರು ಹಿನ್ನೆಲೆ ಪರಿಶೀಲಿಸಿದ ಮೇಲೆ, ತರಬೇತಿ ಕೊಟ್ಟು ಸೇರಿಸಿಕೊಳ್ತಾರೆ. ಅವರಿಗೂ ಪೊಲೀಸರ ಅಧಿಕಾರ ಇರಲ್ಲ. ನೋಡಿ ವರದಿ ಮಾಡೋದು ಮಾತ್ರ. ನಾವೇ ದೊಣ್ಣೆ ಹಿಡಿದು ರಾತ್ರಿ ತಿರುಗೋದು ಮಾತ್ರ ಬೇಡ.

111 ಮತ್ತು 105

ಇದು ಮಕ್ಕಳಿಗೂ ಬಾಯಿಪಾಠ ಆಗಬೇಕು. ಈಗ ನಡೀತಿದ್ದರೆ, ಅಥವಾ ಯಾರ ಜೀವಕ್ಕಾದರೂ ಅಪಾಯ ಇದ್ದರೆ 111. ಆಗಿಹೋಗಿದ್ದರೆ, ತುರ್ತು ಇಲ್ಲದಿದ್ದರೆ 105.

ಮನೆಯೊಳಗೆ ಯಾರೋ ನುಗ್ಗಿದ್ದಾರೆ, ಯಾರಿಗೋ ಹೊಡೀತಿದ್ದಾರೆ, ಎದುರಿಗೇ ಕಾರು ಒಡೀತಿದ್ದಾರೆ, ಇದೆಲ್ಲ 111. ಬೆಳಿಗ್ಗೆ ಎದ್ದು ನೋಡಿದಾಗ ಕಾರಿನ ಗಾಜು ಒಡೆದಿತ್ತು, ಸೈಕಲ್ ಹೋಗಿತ್ತು, ಇದು 105. 2019ರಲ್ಲಿ ಶುರುವಾದ ನಂಬರಿದು. ಫೋನ್ ಮಾಡಬಹುದು, ಆನ್‌ಲೈನಿನಲ್ಲೂ ಬರೆದು ಹಾಕಬಹುದು. ಇಂಗ್ಲಿಷ್ ಮಾತಾಡೋಕೆ ತಡವರಿಸುವವರಿಗೆ ಬರೆಯೋದು ಸುಲಭ, ನಿಧಾನವಾಗಿ ಯೋಚಿಸಿ ಬರೆಯಬಹುದು. ಹೆಸರು ಹೇಳದೆ ಮಾಹಿತಿ ಕೊಡಬೇಕು ಅನ್ನಿಸಿದರೆ ಕ್ರೈಮ್ ಸ್ಟಾಪರ್ಸ್ ಇದೆ, 0800 555 111.

111ಕ್ಕೆ ಕರೆ ಮಾಡಿದಾಗ ಮೊದಲ ಪ್ರಶ್ನೆ: ಫೈರ್, ಆಂಬುಲೆನ್ಸ್, ಪೊಲೀಸ್, ಯಾವುದು ಬೇಕು? "ಪೊಲೀಸ್" ಅನ್ನಿ. ಆಮೇಲೆ ವಿಳಾಸ. ಗಾಬರಿಯಲ್ಲಿ ನಮ್ಮ ಮನೆ ನಂಬರೇ ಮರೆತುಹೋಗುತ್ತೆ. ಆದ್ದರಿಂದ ವಿಳಾಸವನ್ನ ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ವ್ಯಾಕರಣದ ಚಿಂತೆ ಬೇಡ. "ಮ್ಯಾನ್ ಇನ್ ಮೈ ಹೌಸ್. ನೌ." ಇಷ್ಟೇ ಸಾಕು. ಭಾಷೆ ತೊಡಕಾದರೆ ಇಂಟರ್‌ಪ್ರಿಟರ್ ಬೇಕು ಅಂತ ಹೇಳಿ, "ಕನ್ನಡ" ಅಂತ ಹೇಳಿ, ಬೇರೆ ಭಾಷೆ ಬಂದರೆ ಅದನ್ನೂ ಹೇಳಿ. ಅವರೇ ಫೋನ್ ಇಡಿ ಅನ್ನುವವರೆಗೆ ಇಡಬೇಡಿ. ಊರಿನಿಂದ ಬಂದಿರುವ ಅಪ್ಪ ಅಮ್ಮನಿಗೂ ಇದನ್ನ ಒಂದೆರಡು ಸಲ ಹೇಳಿಕೊಡಿ. ಅವರಿಗೆ ಊರಿನ 112 ನೆನಪಿರುತ್ತೆ, ಇಲ್ಲಿ 111.

ಏನು ನೋಡಬೇಕು ಅನ್ನೋದಕ್ಕೂ ಒಂದು ಕ್ರಮ ಇಟ್ಟುಕೊಳ್ಳಿ: ಹೊತ್ತು, ಜಾಗ, ಎಷ್ಟು ಜನ, ಏನು ಮಾಡ್ತಿದ್ದರು, ಕಾರಿನ ನಂಬರ್, ಯಾವ ಕಡೆ ಹೋದರು. ಆರು ಅಂಶ, ಆರು ಸಾಲು. ಕಂಡ ಕೂಡಲೇ ಮೊಬೈಲಿನಲ್ಲಿ ಬರೆದಿಡಿ. ನಾಳೆಗೆ ನೆನಪು ಬೇರೆಯೇ ಆಗಿರುತ್ತೆ.

"ಹೋಗಿದ್ದು ಹಳೇ ಸೈಕಲ್ಲು, ಯಾಕೆ ದೂರು" ಅನ್ನೋರಿಗೆ ಎರಡು ಕಾರಣ ಕೊಡ್ತೀನಿ. ವಿಮೆ ಕೇಳಬೇಕಾದ್ರೆ ಪೊಲೀಸ್ ವರದಿಯ ನಂಬರ್ ಬೇಕು. ಮತ್ತೆ, ವರದಿ ಆಗದ ಕಳ್ಳತನ ಪೊಲೀಸರ ಲೆಕ್ಕದಲ್ಲಿ ಆಗೇ ಇಲ್ಲ. ನಮ್ಮ ಬೀದಿಯಲ್ಲಿ ಹತ್ತು ಕಾರು ಒಡೆದು ಎಂಟು ಜನ ಸುಮ್ಮನಿದ್ದರೆ ಅವರ ಕಾಗದದಲ್ಲಿ ಎರಡೇ ಇರುತ್ತೆ. ಪುಸ್ತಕದಲ್ಲಿ ಬರೆಯದ ಖರ್ಚು ಖರ್ಚೇ ಅಲ್ಲ ಅಂತ ನಮ್ಮ ವೃತ್ತಿಯಲ್ಲೂ ಹೇಳ್ತಾರೆ.

ವೀಸಾದ ಹೆದರಿಕೆ

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ನಿಮಗೆ ತೊಂದರೆ ಆಗಿದೆ ಅಂತ ದೂರು ಕೊಟ್ಟ ಮಾತ್ರಕ್ಕೆ, ಅಥವಾ ಕಂಡದ್ದನ್ನ ಸಾಕ್ಷಿಯಾಗಿ ಹೇಳಿದ ಮಾತ್ರಕ್ಕೆ ವೀಸಾ ಹೋಗಲ್ಲ. ವೀಸಾ ಮುಗಿದವರು, ಕಾಗದಪತ್ರ ಸರಿ ಇಲ್ಲದವರು ಕತ್ತಲಲ್ಲಿ ಕೂರಬೇಡಿ, ಕಮ್ಯುನಿಟಿ ಲಾ ಸೆಂಟರಿನಲ್ಲಿ ಉಚಿತ ಕಾನೂನು ಸಲಹೆ ಸಿಗುತ್ತೆ. ಸಿಟಿಜನ್ಸ್ ಅಡ್ವೈಸ್ ಬ್ಯೂರೋ ನಂಬರ್ 0800 367 222.

ಕೆಲಸದ ಜಾಗದಲ್ಲೇ ಶೋಷಣೆ ನಡೀತಿದ್ದರೆ, ಅಂದ್ರೆ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದಾರೆ, ಸಂಬಳದಲ್ಲಿ ವಾಪಸ್ ಕೇಳ್ತಾರೆ, "ಬಾಯಿ ಬಿಟ್ಟರೆ ಇಮಿಗ್ರೇಷನ್ನಿಗೆ ಹೇಳ್ತೀನಿ" ಅಂತ ಹೆದರಿಸ್ತಾರೆ ಅಂದ್ರೆ, ಅದಕ್ಕೂ ಒಂದು ನಂಬರ್ ಇದೆ, 0800 200 088. ಮಾಲೀಕರನ್ನು ನಂಬಿದ ವೀಸಾದಲ್ಲಿ ಸಿಕ್ಕಿಹಾಕಿಕೊಂಡವರು ಆ ಕೆಲಸ ಬಿಟ್ಟು ಹೊರಬರಲಿ ಅಂತಲೇ 2021ರ ಜುಲೈನಲ್ಲಿ ಒಂದು ಪ್ರತ್ಯೇಕ ವೀಸಾ ತಂದಿದ್ದಾರೆ. ನೆರೆಹೊರೆ ಗುಂಪು ಇದನ್ನು ಬಗೆಹರಿಸಲ್ಲ. ಆದ್ರೆ ಪಕ್ಕದ ಮನೆಯಲ್ಲಿ ಆರು ಹುಡುಗರು ಹೆದರಿಕೊಂಡು ಬದುಕುತ್ತಿದ್ದಾರೆ ಅನ್ನೋದು ಪಕ್ಕದ ಮನೆಗೇ ಮೊದಲು ತಿಳಿಯೋದು. ಅವರ ಕೈಗೆ ಈ ನಂಬರ್ ದಾಟಿಸಿ.

ಬಾಡಿಗೆ ಮನೆ, ಬೀಗ ಮತ್ತು ಆಸ್ತಿ ಪಟ್ಟಿ

ಬಾಗಿಲಿನ ಬೀಗ ಸಡಿಲ, ಕಿಟಕಿ ಚಿಲಕ ಇಲ್ಲ ಅಂತ ಇದ್ದರೆ ನಿಮ್ಮ ಕೈಯಿಂದ ಖರ್ಚು ಮಾಡುವ ಮೊದಲು ಲ್ಯಾಂಡ್‌ಲಾರ್ಡಿಗೆ ಬರೆಯಿರಿ. 1986ರ ಬಾಡಿಗೆ ಕಾಯ್ದೆಯ ಪ್ರಕಾರ, ಮನೆ ತಕ್ಕಮಟ್ಟಿಗೆ ಭದ್ರವಾಗಿರುವಷ್ಟು ಬೀಗ ಒದಗಿಸಿ ಸುಸ್ಥಿತಿಯಲ್ಲಿಡುವುದು ಅವರ ಹೊಣೆ. ಅವರನ್ನು ಕೇಳದೆ ನಾವು ಬೀಗ ಬದಲಿಸಬಾರದು, ನಮ್ಮನ್ನು ಕೇಳದೆ ಅವರೂ ಬದಲಿಸಬಾರದು. ಬಾಯಲ್ಲಿ ಹೇಳೋದಕ್ಕಿಂತ ಇಮೇಲ್ ಮಾಡಿ, ದಾಖಲೆ ಉಳಿಯುತ್ತೆ. ಉತ್ತರ ಬರದಿದ್ದರೆ ಟೆನೆನ್ಸಿ ಸರ್ವಿಸಸ್, 0800 836 262.

ಕ್ಯಾಮೆರಾ ಹಾಕುವ ಹಾಗಿದ್ದರೆ ಗೋಡೆಗೆ ಮೊಳೆ ಹೊಡೆಯುವ ಮೊದಲು ಅನುಮತಿ ಕೇಳಿ. ಅದು ನಿಮ್ಮ ಬಾಗಿಲು, ನಿಮ್ಮ ಡ್ರೈವ್‌ವೇ ಮಾತ್ರ ನೋಡಲಿ, ಪಕ್ಕದವರ ಕಿಟಕಿಯನ್ನಲ್ಲ.

ಇನ್ನು ವಿಮೆ. ಲ್ಯಾಂಡ್‌ಲಾರ್ಡ್ ಮಾಡಿಸಿದ ವಿಮೆ ಮನೆಗೆ, ನಿಮ್ಮ ಸಾಮಾನಿಗಲ್ಲ. ನಿಮ್ಮ ಲ್ಯಾಪ್‌ಟಾಪ್, ಒಡವೆ, ಟೀವಿಗೆ ನೀವೇ ಕಂಟೆಂಟ್ಸ್ ವಿಮೆ ಮಾಡಿಸಬೇಕು. ಒಡವೆಗೆ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಮಿತಿ ಇರುತ್ತೆ. ಅದಕ್ಕಿಂತ ಹೆಚ್ಚಿನದಕ್ಕೆ ಬೆಲೆ ಕಟ್ಟಿಸಿದ ಪ್ರಮಾಣಪತ್ರ ಕೊಟ್ಟು, ಪ್ರತ್ಯೇಕವಾಗಿ ಬರೆಸಬೇಕು. ಅಮ್ಮ ಕೊಟ್ಟ ಎರಡೆಳೆ ಸರಕ್ಕೆ ಬಿಲ್ಲು ಎಲ್ಲಿರುತ್ತೆ? ಅದಕ್ಕೇ ಫೋಟೋ ತೆಗೆದಿಡಿ, ತೂಕ ಬರೆದಿಡಿ.

ಇದು ನಾನು ಎಲ್ಲರಿಗೂ ಕೊಡುವ ಮನೆಪಾಠ: ಒಂದು ಹಾಳೆ ತೆಗೆದುಕೊಂಡು ನಿಮ್ಮ ಆಸ್ತಿ ಪಟ್ಟಿ ಬರೆಯಿರಿ. ವಸ್ತು, ಕಂಪನಿ, ಸೀರಿಯಲ್ ನಂಬರ್, ಕೊಂಡ ದಿನ, ಬೆಲೆ. ಫೋನಿನ ಐಎಂಇಐ ನಂಬರ್ ನೋಡಲು ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿ. ಪಟ್ಟಿಯನ್ನೂ ಫೋಟೋಗಳನ್ನೂ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಲ್ಯಾಪ್‌ಟಾಪಿನ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟರೆ ಅದೂ ಜೊತೆಗೇ ಹೋಗುತ್ತೆ.

ಬಾಗಿಲ ಒಳಗಿನ ಅಪಾಯ

ಎಲ್ಲ ಅಪಾಯವೂ ಬೀದಿಯಿಂದ ಬರಲ್ಲ. ಪಕ್ಕದ ಮನೆಯಿಂದ ರಾತ್ರಿ ಕಿರುಚಾಟ ಕೇಳಿದರೆ "ಗಂಡ ಹೆಂಡತಿ ಜಗಳ, ನಮಗ್ಯಾಕೆ" ಅನ್ನೋ ಮಾತು ಬಿಡಬೇಕು. ಹೊಡೆತ ಕೇಳಿಸ್ತಿದೆ ಅಂದ್ರೆ 111 ಒತ್ತಿ. ಅದು ನಮ್ಮವರ ಮನೆಯೇ ಆದರೂ ಅಷ್ಟೇ. ಕೂಟದಲ್ಲಿ ಮುಖ ಮುಖ ನೋಡಬೇಕಲ್ಲ ಅಂತ ಸುಮ್ಮನಿದ್ದರೆ ಆ ಹೆಣ್ಣುಮಗಳಿಗೆ ಈ ದೇಶದಲ್ಲಿ ಇನ್ಯಾರಿದ್ದಾರೆ? ವಲಸೆ ಬಂದ ಹೆಂಗಸರಿಗಾಗಿಯೇ ಕೆಲಸ ಮಾಡುವ ಶಕ್ತಿ ಅನ್ನೋ ಸಂಸ್ಥೆ ಇದೆ, ಹಗಲು ರಾತ್ರಿ ಫೋನ್ ತೆಗೀತಾರೆ: 0800 742 584. ವುಮೆನ್ಸ್ ರೆಫ್ಯೂಜ್: 0800 733 843. ಈ ಎರಡು ನಂಬರನ್ನ ಗುಂಪಿನ ಹಾಳೆಯಲ್ಲಿ ಹಾಕಿ. ಯಾರಿಗೆ ಬೇಕಾಗುತ್ತೆ ಅಂತ ಹೇಳೋಕೆ ಬರಲ್ಲ.

ಕಳ್ಳರಿಲ್ಲದ ದಿನವೂ ಗುಂಪು ಬೇಕು

2023ರ ಜನವರಿ 27. ಆಕ್ಲೆಂಡ್ ವಾರ್ಷಿಕೋತ್ಸವದ ರಜೆಯ ಮುಂಚಿನ ಶುಕ್ರವಾರ. ಆ ಸಂಜೆ ಸುರಿದ ಮಳೆ ನಗರದ ದಾಖಲೆಗಳನ್ನೆಲ್ಲ ಮುರಿದು, ನಾಲ್ಕು ಜೀವ ತೆಗೆದುಕೊಂಡಿತು. ಮೌಂಟ್ ಆಲ್ಬರ್ಟ್, ಸ್ಯಾಂಡ್ರಿಂಗ್‌ಹ್ಯಾಮ್, ಮೌಂಟ್ ರೋಸ್ಕಿಲ್ ಸುತ್ತಮುತ್ತ ಮನೆಯೊಳಗೆ ನೀರು ನುಗ್ಗಿತ್ತು. ತುರ್ತು ಪರಿಸ್ಥಿತಿ ಘೋಷಣೆ ಆದದ್ದು ರಾತ್ರಿ ಹತ್ತರ ಮೇಲೆ. ಅಷ್ಟು ಹೊತ್ತಿಗೆ ಎಷ್ಟೋ ಬೀದಿಗಳಲ್ಲಿ ನೀರು ಸೊಂಟದ ಮಟ್ಟ. ಅಂಥ ಹೊತ್ತಿನಲ್ಲಿ ಮೊದಲು ಬಾಗಿಲು ತಟ್ಟುವವರು ಪಕ್ಕದ ಮನೆಯವರೇ. ಯಾವ ಮನೆಯಲ್ಲಿ ಒಬ್ಬಂಟಿ ಅಜ್ಜಿ ಇದ್ದಾರೆ, ಯಾವ ಮನೆ ತಗ್ಗಿನಲ್ಲಿದೆ ಅನ್ನೋದು ಪಟ್ಟಿ ಇದ್ದವರಿಗೆ ಗೊತ್ತಿರುತ್ತೆ. ಕಳ್ಳರಿಗಾಗಿ ಬರೆದ ಹಾಳೆ ಮಳೆಗೂ ಆಗುತ್ತೆ.

ಗುಂಪು ಉಳಿಯೋಕೆ ದೊಡ್ಡ ಕೆಲಸ ಬೇಡ. ಮೂರು ತಿಂಗಳಿಗೊಮ್ಮೆ ಪಟ್ಟಿ ತಿದ್ದಿ, ಯಾಕಂದ್ರೆ ನಮ್ಮ ಜನ ಮನೆ ಬದಲಿಸ್ತಾನೇ ಇರ್ತೀವಿ. ಬೀದಿ ಬಿಟ್ಟು ಹೋಗುವವರು ಹೊಸದಾಗಿ ಬಂದ ಬಾಡಿಗೆಯವರ ಹೆಸರು ಕೇಳಿ ಹೇಳಿ ಹೋಗಲಿ. ಊರಿಗೆ ಹೊರಟವರು ಪಕ್ಕದವರಿಗೆ ಹೇಳಿ ಹೋಗಲಿ. ಅಂಚೆಪೆಟ್ಟಿಗೆ ಖಾಲಿ ಮಾಡೋದು, ಬುಧವಾರವೋ ಗುರುವಾರವೋ ಕಸದ ಡಬ್ಬಿ ಹೊರಗಿಟ್ಟು ಒಳಗೆ ತರೋದು, ಡ್ರೈವ್‌ವೇನಲ್ಲಿ ಒಂದು ಕಾರು ನಿಲ್ಲಿಸೋದು, ಇಷ್ಟು ಮಾಡಿದರೆ ಖಾಲಿ ಮನೆ ಖಾಲಿ ಅಂತ ಕಾಣಲ್ಲ. ವಾಪಸ್ ಬರುವಾಗ ಅವರಿಗೊಂದು ಮೈಸೂರು ಪಾಕ್ ಡಬ್ಬ ತಂದರೆ ಲೆಕ್ಕ ಚುಕ್ತಾ. ಕಸ್ಟಮ್ಸಿನಲ್ಲಿ ಮಾತ್ರ ಡಿಕ್ಲೇರ್ ಮಾಡಿ.

ಈ ವಾರ ಮಾಡಬೇಕಾದ ಮೂರು ಕೆಲಸ ಹೇಳಿ ಮುಗಿಸ್ತೀನಿ. ಎಡಗಡೆ ಮನೆಯವರ ಮತ್ತು ಬಲಗಡೆ ಮನೆಯವರ ಹೆಸರು, ಫೋನ್ ನಂಬರ್ ಕೇಳಿ ಬರೆದುಕೊಳ್ಳಿ. ವಿಳಾಸ ಬರೆದು ಫ್ರಿಜ್ ಮೇಲೆ ಅಂಟಿಸಿ, ಅದರ ಕೆಳಗೆ 111, 105 ಬರೆಯಿರಿ. ಆಸ್ತಿ ಪಟ್ಟಿಯನ್ನ ಅರ್ಧವಾದರೂ ಬರೆಯಿರಿ. ನಾಲ್ಕನೇದು ಗುಂಪು. ಮೊದಲ ಎರಡು ಹೆಸರು ನಿಮ್ಮ ಹಾಳೆಯಲ್ಲಿ ಬಂದ ದಿನ ಅದು ಶುರುವಾಗೇ ಹೋಯ್ತು ಅಂತ ತಿಳಿಯಿರಿ.

ಪ್ರಶ್ನೆ ಇದ್ದವರು ಕೇಳಿ. ಮಾದರಿ ಪಟ್ಟಿಯ ಪ್ರತಿಗಳು ಹಿಂದಿನ ಮೇಜಿನ ಮೇಲಿವೆ, ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ.